ಡಬ್ಬಿಯ ಮೇಲೆ 4.50, ಬ್ಯಾರೆಲ್ ಒಳಗೆ ಎಷ್ಟು? ಹತ್ತು ಮೀಟರ್ ಏರ್ ರೈಫಲ್‌ಗೆ ಪೆಲೆಟ್ ಆರಿಸುವ ಬಗೆ

ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು, ಅದರ ಡಬ್ಬಿಗೆ ದುಡ್ಡು ಕೊಡುವ ಮುಂಚೆ ಅದನ್ನೊಮ್ಮೆ ತಿರುಗಿಸಿ ನೋಡಿ. ಹಿಂಬದಿಯಲ್ಲೋ ಪಕ್ಕದಲ್ಲೋ ಒಂದು ಸಣ್ಣ ಚೀಟಿ ಅಂಟಿರುತ್ತದೆ. ಅದರಲ್ಲಿ 4.49, 4.50, 4.51 ಎಂಬಂಥ ಒಂದು ಅಳತೆ, ಜೊತೆಗೆ ಉದ್ದನೆಯದೊಂದು ಲಾಟ್ ನಂಬರು, ಅಂದರೆ ಆ ಪೆಲೆಟ್ ಯಾವ ಕಂತಿನಲ್ಲಿ ತಯಾರಾಯಿತು ಎಂಬ ಗುರುತು. ಬೆಂಗಳೂರಿನ ರೇಂಜುಗಳಲ್ಲಿ ಹೊಸದಾಗಿ ಸೇರಿದವರು ವಿಚಾರಿಸುವುದು ಮೊದಲನೆಯದರ ಬಗ್ಗೆ: "ಯಾವ ಸೈಜ್ ತಗೊಳ್ಳಲಿ ಸಾರ್?" ನಾಲ್ಕಾರು ವರ್ಷ ಪಳಗಿದವರ ಕಣ್ಣು ಹೋಗುವುದು ಎರಡನೆಯದರ ಮೇಲೆ. ಏಕೆಂದರೆ ಎರಡು ಡಬ್ಬಿಗಳ ಮೇಲೆ ಒಂದೇ ಬ್ರಾಂಡು, ಒಂದೇ 4.50 ಇದ್ದರೂ ಲಾಟ್ ಬೇರೆಯಾದರೆ ನಿಮ್ಮ ಬ್ಯಾರೆಲ್‌ಗೆ ಅವು ಎರಡು ಬೇರೆ ಬೇರೆ ಪೆಲೆಟ್‌ಗಳೇ.

ಪೆಲೆಟ್‌ಗೆ ಮೂರು ಭಾಗ. ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ಲಂಗ, ಅಂದರೆ ಸ್ಕರ್ಟ್. ತಲೆ ಬ್ಯಾರೆಲ್‌ನ ಒಳಗೆ ಸುರುಳಿಯಾಗಿ ಉಬ್ಬಿರುವ ಏಣುಗಳ ಮೇಲೆ ಕೂತು ಪೆಲೆಟ್ ನೇರವಾಗಿ ಸಾಗುವಂತೆ ನೋಡಿಕೊಳ್ಳುತ್ತದೆ. ಲಂಗ ತಲೆಗಿಂತ ತುಸು ಅಗಲ. ಹಿಂದಿನಿಂದ ಗಾಳಿ ಒತ್ತಿದಾಗ ಅದು ಅರಳಿ ಬ್ಯಾರೆಲ್ ಗೋಡೆಗೆ ಅಂಟಿಕೊಂಡು ಗಾಳಿ ಸೋರದಂತೆ ತಡೆಯುತ್ತದೆ. ಹೊರಗೆ ಬಂದ ಮೇಲೆ ಶಟಲ್ ಕಾಕ್‌ನ ಪುಕ್ಕದಂತೆ ಹಿಂಬದಿಯನ್ನು ಗಾಳಿಯಲ್ಲಿ ಎಳೆದು ಹಿಡಿದು ಮೂತಿ ತಿರುಗದಂತೆ ಕಾಯುವುದೂ ಇದೇ ಲಂಗ. ತಲೆ ಚಪ್ಪಟೆಯಾಗಿರುವುದಕ್ಕೆ ಒಂದೇ ಕಾರಣ: ಕಾಗದದ ಟಾರ್ಗೆಟ್‌ನಲ್ಲಿ ಪಂಚ್ ಹೊಡೆದ ಹಾಗೆ ದುಂಡನೆಯ ತೂತು ಬೀಳಲಿ, ಅಂಕ ಎಣಿಸುವಾಗ ಜಗಳ ಬೇಡ ಅಂತ. ಚೂಪು ಮೂತಿಯ ಪೆಲೆಟ್ ಕಾಗದವನ್ನು ಹರಿಯುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಹತ್ತು ಮೀಟರ್‌ಗೆ ಅದು ಬೇಡವೇ ಬೇಡ.

ಡಬ್ಬಿಯ ಮೇಲಿನ ಅಳತೆ ತಲೆಯ ವ್ಯಾಸ, ಮಿಲಿಮೀಟರ್‌ನಲ್ಲಿ. ಮ್ಯಾಚ್ ಪೆಲೆಟ್‌ಗಳಲ್ಲಿ, ಅಂದರೆ ಸ್ಪರ್ಧೆಗೆಂದೇ ಮಾಡಿದವುಗಳಲ್ಲಿ, ಸಾಮಾನ್ಯವಾಗಿ 4.48ರಿಂದ 4.52ರವರೆಗೆ ಸಿಗುತ್ತವೆ. ತಲೆ ಸಣ್ಣದಾದರೆ ಏಣುಗಳ ಮೇಲೆ ಸರಿಯಾಗಿ ಕೂರದೆ ಓಲಾಡಿಕೊಂಡು ಹೋಗುತ್ತದೆ. ದೊಡ್ಡದಾದರೆ ಉಜ್ಜಾಟ ಹೆಚ್ಚಿ ವೇಗ ಒಂದೊಂದು ಹೊಡೆತಕ್ಕೆ ಒಂದೊಂದು ಥರ ಆಗುತ್ತದೆ, ಸೀಸ ಬ್ಯಾರೆಲ್‌ಗೆ ಬೇಗ ಮೆತ್ತಿಕೊಳ್ಳುತ್ತದೆ. ಇದನ್ನು ವರ್ನಿಯರ್‌ನಲ್ಲಿ ಅಳೆದು ಖಚಿತಪಡಿಸಿಕೊಳ್ಳಲು ಹೊರಡಬೇಡಿ. ಸೀಸ ಎಷ್ಟು ಮೆದುವೆಂದರೆ ವರ್ನಿಯರ್‌ನ ದವಡೆ ಒತ್ತಿದ ಜಾಗವೇ ನೂರರಲ್ಲೊಂದು ಮಿಮೀ ತಗ್ಗಿಬಿಡುತ್ತದೆ, ನೀವು ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟೇ. ಹಂತ ಹಂತವಾಗಿ ತೂತು ಕೊರೆದ ತಗಡಿನ ಗೇಜು ಇದಕ್ಕೆ ಸರಿಯಾದ ಸಾಧನ; ಪೆಲೆಟ್ ಯಾವ ತೂತಿನಲ್ಲಿ ಇಳಿಯುತ್ತದೆ, ಯಾವುದರಲ್ಲಿ ನಿಲ್ಲುತ್ತದೆ ಎಂದು ನೋಡುವುದು, ಅಷ್ಟೆ.

ತೂಕದಲ್ಲಿ ಗೊಂದಲ ಕಡಿಮೆ. ರೈಫಲ್‌ಗೆ ಬಹುಪಾಲು 0.53 ಗ್ರಾಂ, ಪಿಸ್ತೂಲಿಗೆ 0.45 ಗ್ರಾಂ. ಕೆಲವು ಡಬ್ಬಿಗಳಲ್ಲಿ ಗ್ರೇನ್ ಲೆಕ್ಕದಲ್ಲಿ 8.2, 7.0 ಎಂದು ಬರೆದಿರುತ್ತಾರೆ, ಎರಡೂ ಒಂದೇ. ರೈಫಲ್‌ಗೆ ಹಗುರದ್ದನ್ನು ಹಾಕಬಾರದೆಂಬ ನಿಯಮವೇನಿಲ್ಲ. ಕೆಲವು ಬ್ಯಾರೆಲ್‌ಗಳಲ್ಲಿ ಅದೇ ಚೆನ್ನಾಗಿ ಹೋಗುವುದೂ ಉಂಟು. ಆದರೂ 0.53ರಿಂದಲೇ ಶುರು ಮಾಡಿ.

ಈಗ ಕಾಲು ಮಿಲಿಮೀಟರ್‌ನ ವಿಷಯ. ಏರ್ ರೈಫಲ್ ಟಾರ್ಗೆಟ್‌ನ ಹತ್ತರ ಚುಕ್ಕೆಯ ವ್ಯಾಸ 0.5 ಮಿಮೀ, ಸಣ್ಣ ಮೊನೆಯ ಪೆನ್ನಿನ ಒಂದು ಚುಕ್ಕೆಯಷ್ಟು. ಪೆಲೆಟ್‌ನ ಅಂಚು ಅದನ್ನು ತಾಗಿದರೆ 10.0. ಅಂದರೆ ತೂತಿನ ನಡು ಟಾರ್ಗೆಟ್‌ನ ನಡುವಿನಿಂದ 2.5 ಮಿಮೀ ಒಳಗಿರಬೇಕು. ಅಲ್ಲಿಂದ ಒಳಕ್ಕೆ ಪ್ರತಿ 0.25 ಮಿಮೀಗೆ 0.1 ಅಂಕ ಏರುತ್ತಾ 10.9ಕ್ಕೆ ಮುಗಿಯುತ್ತದೆ. 2023ರಲ್ಲಿ ಚಾಂಗ್ವಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನ ಮಹಿಳೆಯರ ಫೈನಲ್‌ನಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ 252.3 ಹೊಡೆದು ಬೆಳ್ಳಿ ಪಡೆದರು. ಚಿನ್ನ ಗೆದ್ದ ಕೊರಿಯಾದ ಆಟಗಾರ್ತಿಯದು 252.4. ಇಪ್ಪತ್ತನಾಲ್ಕು ಹೊಡೆತಗಳಲ್ಲಿ ಎಲ್ಲೋ ಒಂದು ಕಾಲು ಮಿಲಿಮೀಟರ್.

ಹಾಗೆಂದು ದುಬಾರಿ ಪೆಲೆಟ್ ಕೊಂಡರೆ ಎಲ್ಲರಿಗೂ ಅಂಕ ಏರುತ್ತದೆ ಎಂದುಕೊಳ್ಳಬೇಡಿ. ಹೊಡೆಯುವವರ ಕೈ ತಪ್ಪು ಮತ್ತು ಪೆಲೆಟ್‌ನ ತಪ್ಪು ಸುಮ್ಮನೆ ಕೂಡುವುದಿಲ್ಲ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಒಟ್ಟು ಚದುರುವಿಕೆಯ ಅಂದಾಜು ಸಿಗುತ್ತದೆ. ನಿಮ್ಮ ಹೊಡೆತ ಸರಾಸರಿ 5 ಮಿಮೀ ಆಚೆ ಬೀಳುತ್ತದೆ, ಅಂದರೆ ಒಂಬತ್ತರ ಆಸುಪಾಸು, ಎಂದಿಟ್ಟುಕೊಳ್ಳಿ. 1 ಮಿಮೀ ಚದುರುವ ಪೆಲೆಟ್ ಬಿಟ್ಟು 0.5 ಮಿಮೀ ಚದುರುವುದನ್ನು ಹಾಕಿದರೆ ಒಟ್ಟು 5.10ರಿಂದ 5.02ಕ್ಕೆ ಇಳಿಯುತ್ತದೆ. ಅರವತ್ತು ಹೊಡೆತಕ್ಕೆ ಹೆಚ್ಚೆಂದರೆ ಎರಡು ಅಂಕದ ಲಾಭ. ಅದೇ ಸರಾಸರಿ 1.4 ಮಿಮೀ ಒಳಗೆ ಹೊಡೆಯುವವರಿಗೆ 1.72ರಿಂದ 1.49ಕ್ಕೆ ಇಳಿಯುತ್ತದೆ, ಅದು ಐದೂವರೆ ಅಂಕ, ಫೈನಲ್‌ನ ಒಳಗೋ ಹೊರಗೋ ಎಂಬುದನ್ನು ನಿರ್ಧರಿಸುವಷ್ಟು. ಹಾಗಾಗಿ ಒಂಬತ್ತರಲ್ಲಿ ಓಡಾಡುತ್ತಿರುವವರು ಒಂದೇ ಲಾಟ್‌ನ ಸಾಧಾರಣ ಮ್ಯಾಚ್ ಪೆಲೆಟ್ ತಗೊಂಡು, ಉಳಿದ ದುಡ್ಡನ್ನು ಶೂಟಿಂಗ್ ಜಾಕೆಟ್ ಸರಿಮಾಡಿಸಲು ಇಟ್ಟುಕೊಳ್ಳುವುದು ಮೇಲು. ಮುಂದೆ ಹೇಳುವ ಪರೀಕ್ಷೆ ಹತ್ತು ದಾಟಿದವರಿಗೆ.

ತೂಗಿ ಆರಿಸುವುದು ಸಾರ್ಥಕವೇ?

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಡಿಜಿಟಲ್ ತಕ್ಕಡಿ ತಂದು ಐನೂರು ಪೆಲೆಟ್ ತೂಗಿ ಗುಂಪು ಮಾಡುವ ಹವ್ಯಾಸ ಹಲವರಿಗಿದೆ. ಲೆಕ್ಕ ಹಾಕಿ ನೋಡೋಣ. ಮ್ಯಾಚ್ ರೈಫಲ್‌ನಿಂದ ಪೆಲೆಟ್ ಸುಮಾರು ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಹತ್ತು ಮೀಟರ್ ದಾಟಲು ಸುಮಾರು 0.06 ಸೆಕೆಂಡು, ಅಷ್ಟರಲ್ಲಿ ಗುರುತ್ವಕ್ಕೆ ಸಿಕ್ಕಿ 18 ಮಿಮೀಯಷ್ಟು ಕೆಳಗಿಳಿಯುತ್ತದೆ. ಪೆಲೆಟ್ ಶೇಕಡ ಒಂದರಷ್ಟು, ಅಂದರೆ 0.005 ಗ್ರಾಂ, ಭಾರವಾದರೆ ವೇಗ ಶೇಕಡ ಅರ್ಧದಷ್ಟು ಕುಗ್ಗಿ ಹೊಡೆತ 0.18 ಮಿಮೀ ಕೆಳಗೆ ಬೀಳುತ್ತದೆ. ಇದು ಲೆಕ್ಕಕ್ಕೆ ಬರುವ ವ್ಯತ್ಯಾಸವೇ. ಆದರೆ 0.01 ಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿಗೆ 0.005 ಗ್ರಾಂ ಕಾಣುವುದೇ ಇಲ್ಲ. ಅದರಲ್ಲಿ 0.53 ಮತ್ತು 0.54 ಎಂದು ಬೇರೆ ಮಾಡಿದ ಎರಡು ಗುಂಪುಗಳು ತಕ್ಕಡಿಯ ಅನುಮಾನದ ಗುಂಪುಗಳಷ್ಟೆ. 0.001 ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ತೂಗಿ. ಇಲ್ಲದಿದ್ದರೆ ಆ ಸಂಜೆ ಹೋಲ್ಡಿಂಗ್, ಅಂದರೆ ರೈಫಲ್ ಅಲುಗದಂತೆ ಹಿಡಿದು ನಿಲ್ಲುವ, ಅಭ್ಯಾಸ ಮಾಡಿ. ಒಳ್ಳೆಯ ಮ್ಯಾಚ್ ಲಾಟ್‌ನಲ್ಲಿ ತೂಕದ ವ್ಯತ್ಯಾಸ ಹೇಗೂ ಸಣ್ಣದು.

ತೂಗುವುದಕ್ಕಿಂತ ಕಣ್ಣಿನಲ್ಲಿ ನೋಡಿ ಆರಿಸುವುದರಿಂದ ಲಾಭ ಹೆಚ್ಚು. ಬಿಳಿ ಬಟ್ಟೆಯ ಮೇಲೆ ಐವತ್ತೈವತ್ತು ಸುರಿದು, ಲಂಗ ಮೇಲೆ ಬರುವಂತೆ ನಿಲ್ಲಿಸಿ, ಪಕ್ಕದಿಂದ ಟಾರ್ಚ್ ಬಿಡಿ. ಲಂಗದ ಅಂಚು ಪೂರ್ತಿ ದುಂಡಗಿದ್ದರೆ ಬೆಳಕಿನ ಗೆರೆ ಒಂದೇ ಸಮ ಹೊಳೆಯುತ್ತದೆ. ತಗ್ಗಿದ್ದ ಕಡೆ ಆ ಗೆರೆ ಮುರಿಯುತ್ತದೆ. ಮುರಿದವನ್ನು ಬೇರೆ ಡಬ್ಬಿಗೆ ಹಾಕಿ. ಹತ್ತರಲ್ಲೊಂದು ಹೊಡೆತ ಕಾರಣವಿಲ್ಲದೆ ಆಚೆ ಹೋಗುತ್ತಿದ್ದರೆ ಮೊದಲ ಗುಮಾನಿ ಈ ತಗ್ಗಿದ ಲಂಗದ ಮೇಲೆಯೇ ಇರಲಿ: ಗಾಳಿ ಒಂದು ಕಡೆಯಿಂದ ಮೊದಲು ನುಸುಳಿ, ಬ್ಯಾರೆಲ್ ಬಿಡುವ ಕ್ಷಣದಲ್ಲಿ ಪೆಲೆಟ್‌ಗೆ ಅಡ್ಡ ತಳ್ಳು ಕೊಡುತ್ತದೆ. ಬಟ್ಟೆಯ ಮೇಲೆ ಉಳಿದ ಸೀಸದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಊದಬೇಡಿ. ಪೆಲೆಟ್ ತೊಳೆಯುವುದು, ಎಣ್ಣೆ ಸವರುವುದು ಮ್ಯಾಚ್ ಪೆಲೆಟ್‌ಗೆ ಬೇಕಿಲ್ಲ. ಕೈಯಲ್ಲಿ ಸವರಿದ ಎಣ್ಣೆ ಎಂದೂ ಒಂದೇ ಸಮ ಇರುವುದಿಲ್ಲ, ವೇಗವೂ ಅದಕ್ಕೆ ತಕ್ಕ ಹಾಗೆ ಕುಣಿಯುತ್ತದೆ.

ಪರೀಕ್ಷೆ

ಜರ್ಮನಿಯ ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಆರ್‌ಡಬ್ಲ್ಯೂಎಸ್ ಆರ್10, ಜೆಕ್ ದೇಶದ ಜೆಎಸ್‌ಬಿ, ಚೀನಾದ ಚಿಯಾಂಗ್ ಯುವಾನ್ ಇವು ಮ್ಯಾಚ್‌ಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು. ಯಾವುದು ಉತ್ತಮ ಎಂಬ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿಲ್ಲ, ನಿಮ್ಮ ಬ್ಯಾರೆಲ್‌ನಲ್ಲಿದೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್‌ಗಳು ಕೂಡ ಒಂದೇ ಲಾಟ್ ಒಪ್ಪಬೇಕೆಂದಿಲ್ಲ. ಯುರೋಪಿನಲ್ಲಿ ದೊಡ್ಡ ಆಟಗಾರರು ರೈಫಲ್ ಹೊತ್ತುಕೊಂಡು ಕಾರ್ಖಾನೆಗೇ ಹೋಗಿ, ಬ್ಯಾರೆಲ್ಲನ್ನು ವೈಸ್‌ಗೆ ಬಿಗಿದು ಹತ್ತಾರು ಲಾಟ್ ಹೊಡೆಸಿ, ಒಪ್ಪಿದ್ದನ್ನು ಸಾವಿರಗಟ್ಟಲೆ ಕೊಳ್ಳುತ್ತಾರೆ. ನಮಗೆ ಇಲ್ಲಿ ಮರಳು ಚೀಲ, ಮೇಜು, ತಾಳ್ಮೆ ಸಾಕು.

ಮೂರು ಅಥವಾ ನಾಲ್ಕು ಲಾಟ್‌ಗಳ ಒಂದೊಂದು ಡಬ್ಬಿ ತನ್ನಿ. 4.49, 4.50, 4.51 ಒಂದೊಂದಾದರೂ ಇರಲಿ. ಪೂರ್ತಿ ಡಬ್ಬಿ ಬೇಡವೆಂದರೆ ರೇಂಜಿನ ಗೆಳೆಯರೊಡನೆ ನೂರು ನೂರು ಹಂಚಿಕೊಳ್ಳಬಹುದು, ಆದರೆ ಹಂಚಿದ ಪೊಟ್ಟಣದ ಮೇಲೆ ಲಾಟ್ ನಂಬರು ಆಗಲೇ ಬರೆಯಿರಿ. ಆಮೇಲೆ ನೆನಪಾಗುವುದಿಲ್ಲ.

ಮೊದಲು ಬ್ಯಾರೆಲ್ ಚೊಕ್ಕ ಮಾಡಿ. ಎಳೆಯುವ ದಾರ ಅಥವಾ ತಂತಿಗೆ ಫೆಲ್ಟ್ (ಒತ್ತಿದ ಉಣ್ಣೆಯ ತುಂಡು) ಸಿಕ್ಕಿಸಿ ಪೆಲೆಟ್ ಹಾಕುವ ಕಡೆಯಿಂದ ಮೂತಿಯ ಕಡೆಗೆ ಎಳೆಯಬೇಕು, ಹಿಂದಕ್ಕಲ್ಲ. ಮೂತಿಯ ಅಂಚು ಸವೆದರೆ ಯಾವ ಪೆಲೆಟ್ಟೂ ಉಳಿಸಲಾರದು. ಒಂದು ಫೆಲ್ಟ್‌ಗೆ ಒಂದು ತೊಟ್ಟು ಎಣ್ಣೆ, ಆಮೇಲೆ ಬಿಳಿಯಾಗಿ ಹೊರಬರುವವರೆಗೆ ಒಣ ಫೆಲ್ಟ್. ಸ್ಪ್ರಿಂಗ್ ರೈಫಲ್ ಆದರೆ ಫೆಲ್ಟ್ ಒಂದನ್ನೇ ಹಾಕಿ ಹಾರಿಸಬೇಡಿ; ಎದುರು ಭಾರವಿಲ್ಲದೆ ಪಿಸ್ಟನ್ ಹೋಗಿ ಬಡಿಯುತ್ತದೆ. ಚೊಕ್ಕ ಮಾಡಿದ ಮೇಲಿನ ಮೊದಲ ಇಪ್ಪತ್ತು ಹೊಡೆತ ಎಲ್ಲೆಲ್ಲೋ ಹೋಗುವುದು ಸಹಜ. ಒಳಗೆ ಸೀಸದ ತೆಳು ಪದರ ಕೂರುವವರೆಗೆ ಅವನ್ನು ಎಣಿಸಬಾರದು. ಲಾಟ್ ಬದಲಿಸಿದಾಗಲೂ ಹತ್ತು ಹೊಡೆತ ಲೆಕ್ಕಕ್ಕೆ ಬಿಡಿ.

ಏರ್ ಸಿಲಿಂಡರ್ ತುಂಬಿದ ರೈಫಲ್ ಆದರೆ ಒತ್ತಡ 200 ಬಾರ್‌ನಿಂದ ಶುರು ಮಾಡಿ, 70 ಬಾರ್‌ಗೆ ಇಳಿಯುವ ಮುಂಚೆಯೇ ಮತ್ತೆ ತುಂಬಿಸಿ. ಒತ್ತಡ ತೀರಾ ಕುಗ್ಗಿದ ಮೇಲೆ ಗಾಳಿಯನ್ನು ಒಂದೇ ಸಮ ಬಿಡುವ ರೆಗ್ಯುಲೇಟರ್ ಕೈಬಿಟ್ಟು ಹೊಡೆತಗಳು ಒಂದರ ಕೆಳಗೊಂದು ಸಾಲಾಗಿ ಇಳಿಯುತ್ತವೆ. ನೀವು ಪೆಲೆಟ್ಟನ್ನು ಬೈಯುತ್ತೀರಿ. ಸ್ಟಾಕ್‌ನ, ಅಂದರೆ ರೈಫಲ್‌ನ ಹಿಡಿಯ, ಸ್ಕ್ರೂಗಳನ್ನೂ ಒಮ್ಮೆ ನೋಡಿ. ಟಾರ್ಗೆಟ್ ಕಾರ್ಡಿನಲ್ಲಿ ತೂತುಗಳ ಎರಡು ಬೇರೆ ಬೇರೆ ಗುಂಪು ಬೀಳುತ್ತಿದ್ದರೆ ಎಷ್ಟೋ ಸಲ ಎಲ್ಲೋ ಒಂದು ಸ್ಕ್ರೂ ಸಡಿಲ.

ರೈಫಲ್ ಪ್ರತಿ ಸಲ ಮರಳು ಚೀಲದ ಮೇಲೆ ಅದೇ ಜಾಗದಲ್ಲಿ ಕೂರಬೇಕು, ಅಲ್ಲಿ ಟೇಪ್ ಅಂಟಿಸಿ ಗುರುತು ಮಾಡಿ. ಹತ್ತು ಹೊಡೆತಕ್ಕೊಂದು ಕಾರ್ಡು. ಲಾಟ್‌ಗಳಿಗೆ ಕ, ಖ, ಗ, ಘ ಎಂದು ಹೆಸರಿಟ್ಟರೆ, ಮೊದಲು ಕ ಖ ಗ ಘ, ಆಮೇಲೆ ಘ ಗ ಖ ಕ ಎಂದು ಹಿಂದುಮುಂದಾಗಿ ಹೊಡೆಯಿರಿ. ಹಾಗೆ ಮಾಡಿದರೆ ನಿಮ್ಮ ಆಯಾಸದ ಹೊರೆ ಒಂದೇ ಲಾಟ್‌ನ ತಲೆಗೆ ಬೀಳುವುದಿಲ್ಲ. ಇನ್ನೊಂದು ದಿನ ಇದನ್ನೇ ಮತ್ತೆ ಮಾಡಿದರೆ ಒಂದೊಂದು ಲಾಟ್‌ಗೆ ನಾಲ್ಕು ಕಾರ್ಡು, ನಲವತ್ತು ಹೊಡೆತ ಸಿಗುತ್ತವೆ. ಸೈಟ್ ಮುಟ್ಟಬೇಡಿ. ಗುಂಪು ಎಲ್ಲಿ ಬಿತ್ತು ಎಂಬುದು ಈಗ ಬೇಡ, ಎಷ್ಟು ಬಿಗಿಯಾಗಿದೆ ಎಂಬುದೊಂದೇ ಬೇಕು. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದವರೂ ಅಂಕ ನೋಡದೆ ಚದುರುವಿಕೆಯನ್ನೇ ನೋಡಬೇಕು.

ಕಾರ್ಡಿನ ಅಳತೆಯಲ್ಲಿ ಒಂದು ಸೂಕ್ಷ್ಮ ಇದೆ. ವರ್ನಿಯರ್‌ನಲ್ಲಿ ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆಯಿರಿ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಕಾಗದದ ನಾರು ಮತ್ತೆ ಒಳಕ್ಕೆ ಸೇರಿಕೊಳ್ಳುವುದರಿಂದ ತೂತು ಪೆಲೆಟ್‌ಗಿಂತ ಸಣ್ಣದಾಗಿ ಕಾಣುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಕಾರ್ಡು ತೇವ ಹೀರಿಕೊಂಡಿದ್ದರೆ ಅಂಚು ಹರಿದು ಇನ್ನೂ ಕಲಸುಮೇಲೋಗರ. ಅದಕ್ಕೇ ಪ್ರತಿ ಕಾರ್ಡಿನ ಮೂಲೆಯಲ್ಲಿ ಒಂದೇ ಒಂದು ಹೊಡೆತ ಬೇರೆಯಾಗಿ ಹೊಡೆದು, ಆ ತೂತನ್ನು ಅಳೆದು, ಆ ಅಳತೆಯನ್ನೇ ಕಳೆಯಿರಿ. ಕಾರ್ಡುಗಳನ್ನು ಹಿಂದಿನ ರಾತ್ರಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿರಿ.

ಓದುವಾಗ ಒಳ್ಳೆಯ ಕಾರ್ಡಿಗೆ ಮರುಳಾಗುವುದು ಎಲ್ಲರೂ ಮಾಡುವ ತಪ್ಪು. ಉದಾಹರಣೆಗೆ ಕ ಲಾಟ್‌ನ ನಾಲ್ಕು ಗುಂಪುಗಳ ಹೊರ ಅಳತೆ 6.1, 5.8, 6.4, 5.9, ಖ ಲಾಟ್‌ನದು 5.4, 7.2, 5.6, 6.9 ಎಂದಿರಲಿ. 5.4ರ ಕಾರ್ಡನ್ನು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಸರಾಸರಿ ಕ 6.05, ಖ 6.28, ಅದಕ್ಕಿಂತ ಮುಖ್ಯವಾಗಿ ಕ ಲಾಟ್ ಪ್ರತಿ ಸಲವೂ ಅದೇ ಮಾತು ಹೇಳುತ್ತಿದೆ. ಮ್ಯಾಚ್‌ನಲ್ಲಿ 7.2ರ ಕಾರ್ಡು ಯಾವ ಸರಣಿಯಲ್ಲಿ ಬರುತ್ತದೋ ಗೊತ್ತಿಲ್ಲದಿರುವಾಗ ಕ ತಗೊಳ್ಳುವುದೇ ಜಾಣತನ. ಐದೇ ಹೊಡೆತದ ಗುಂಪನ್ನು ನಂಬಬೇಡಿ ಎನ್ನುವುದೂ ಇದಕ್ಕೇ: ಐದರಲ್ಲಿ ಅದೃಷ್ಟ ಬಿಗಿಯಾಗಿ ಕಾಣುವಂತೆ ಮಾಡುತ್ತದೆ. ಎರಡು ಲಾಟ್‌ಗಳ ನಡುವೆ ಕೂದಲೆಳೆಯಷ್ಟೇ ವ್ಯತ್ಯಾಸವಿದ್ದರೆ ಎರಡೂ ಒಂದೇ ಎಂದುಕೊಂಡು, ಹೆಚ್ಚು ಡಬ್ಬಿ ಸಿಗುವುದನ್ನು ತಗೊಳ್ಳಿ.

ಪೆಲೆಟ್ ಒಳಗಿಡುವಾಗ ಹೆಬ್ಬೆರಳಿಗೆ ಸಿಗುವ ಅನುಭವವೂ ಒಂದು ಅಳತೆಯೇ. ಬ್ಯಾರೆಲ್ ಮುರಿದು ತುಂಬುವ ಕ್ಲಬ್ ರೈಫಲ್‌ನಲ್ಲಿ ಪೆಲೆಟ್ ತನ್ನಷ್ಟಕ್ಕೆ ಜಾರಿ ಒಳಗೆ ಬಿದ್ದರೆ ತಲೆ ಸಣ್ಣದು. ಉಗುರಿನಲ್ಲಿ ಒತ್ತಿ ತಳ್ಳಬೇಕಾದರೆ ದೊಡ್ಡದು. ಮೃದುವಾಗಿ ಒತ್ತಿದಾಗ ಲಂಗದ ಅಂಚು ಬ್ಯಾರೆಲ್‌ನ ಮುಖಕ್ಕೆ ಸಮವಾಗಿ ಕೂರಬೇಕು. ಉಗುರು ತಾಗಿಸಬೇಡಿ, ಬೆರಳಿನ ಮೆತ್ತೆಯಿಂದ ಒತ್ತಿ. ಮ್ಯಾಚ್ ರೈಫಲ್‌ನಲ್ಲಿ ತೊಟ್ಟಿಲಿನಂಥ ಜಾಗಕ್ಕೆ ಇಟ್ಟು ಲಿವರ್ ಮುಚ್ಚಿದಾಗ ಅದೇ ತಳ್ಳುತ್ತದೆ. ಅಲ್ಲಿ ಪೆಲೆಟ್ ಓರೆಯಾಗಿದ್ದರೆ ಲಿವರ್‌ನಲ್ಲಿ ಸಣ್ಣ ತಡೆ ಕೈಗೆ ಗೊತ್ತಾಗುತ್ತದೆ. ಆ ತಡೆ ಸಿಕ್ಕ ಹೊಡೆತವನ್ನು ಟಾರ್ಗೆಟ್‌ಗೆ ಹೊಡೆಯದಿರುವುದು ವಾಸಿ. ಲಿವರ್ ತೆರೆದು ಆ ಪೆಲೆಟ್ ತೆಗೆದುಬಿಡಿ, ತೆಗೆಯುವಾಗ ಮೂತಿ ಟಾರ್ಗೆಟ್ ಕಡೆಗೇ ಇರಲಿ.

ಎಷ್ಟು ಕೊಳ್ಳಬೇಕು

ದಿನಕ್ಕೆ ನೂರು ಹೊಡೆತ, ವಾರಕ್ಕೆ ಐದು ದಿನ ಎಂದರೆ ವಾರಕ್ಕೆ ಐನೂರರ ಒಂದು ಡಬ್ಬಿ. ಒಪ್ಪಿದ ಲಾಟ್‌ನ ಹತ್ತು ಡಬ್ಬಿ ಸಿಕ್ಕರೆ ಎರಡೂವರೆ ತಿಂಗಳು, ಒಂದು ಟೂರ್ನಮೆಂಟ್ ಸೀಸನ್ನಿನ ಬಹುಪಾಲು. ಇಲ್ಲಿ ತೊಂದರೆ ಏನೆಂದರೆ ಸರಕು ಬಹುತೇಕ ಹೊರದೇಶದಿಂದ ಬರುತ್ತದೆ. ನೀವು ಪರೀಕ್ಷೆ ಮುಗಿಸಿ ಬರುವಷ್ಟರಲ್ಲಿ ಆ ಲಾಟ್ ಖಾಲಿಯಾಗಿ, ಅದೇ ಬಣ್ಣದ ಡಬ್ಬಿಯಲ್ಲಿ ಬೇರೆ ಲಾಟ್ ಕೂತಿರುತ್ತದೆ. ಅಂಗಡಿಯವರಿಗೆ ಮೊದಲೇ ಲಾಟ್ ನಂಬರು ತಿಳಿಸಿ, ಒಂದೆರಡು ವಾರಕ್ಕೆ ಐದಾರು ಡಬ್ಬಿ ತೆಗೆದಿಡಲು ಕೇಳಿಕೊಳ್ಳಿ. ಫೋನಿನಲ್ಲಿ ಆರ್ಡರ್ ಮಾಡುವವರು ಚೀಟಿಯ ಫೋಟೋ ಕಳಿಸಲು ಹೇಳಿ, ಡಬ್ಬಿಯ ಮುಖದ ಫೋಟೋ ಅಲ್ಲ. ದಿನದ ಅಭ್ಯಾಸಕ್ಕೆ ಸಾಧಾರಣ ಪೆಲೆಟ್ ಬಳಸಿ, ಸ್ಪರ್ಧೆಗೆ ಮೂರು ವಾರವಿದ್ದಾಗ ಮ್ಯಾಚ್ ಲಾಟ್‌ಗೆ ಬದಲಾಗುವುದು ಜೇಬಿಗೂ ಹಿತ. ಅಂದ ಹಾಗೆ 4.5 ಮಿಮೀ ಬೋರ್, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಮ್ಯಾಚ್ ರೈಫಲ್‌ನ ಶಕ್ತಿ 7.5 ಜೂಲ್ ಸುತ್ತಮುತ್ತ. ಆದರೂ ಗುರುತಿನ ಚೀಟಿ ಜೊತೆಗಿರಲಿ.

ಮನೆಯಿಂದ ರೇಂಜಿಗೆ ಒಯ್ಯುವುದರಲ್ಲೇ ಎಷ್ಟೋ ಡಬ್ಬಿ ಹಾಳಾಗುತ್ತವೆ. ಅರ್ಧ ಖಾಲಿಯಾದ ಡಬ್ಬಿಯನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ನಮ್ಮ ರಸ್ತೆಗಳ ಗುಂಡಿಗಳ ಮೇಲೆ ಮುಕ್ಕಾಲು ಗಂಟೆ ಹೋದರೆ ಒಳಗಿನ ಪೆಲೆಟ್‌ಗಳು ಒಂದಕ್ಕೊಂದು ಬಡಿದು, ಕಾರ್ಖಾನೆಯಲ್ಲಿ ದುಂಡಗಿದ್ದ ಲಂಗ ಕೋನ ಕೋನವಾಗಿರುತ್ತದೆ. ತೆರೆದರೆ ತಳದಲ್ಲಿ ಬೂದುಬಣ್ಣದ ಪುಡಿ ಕಾಣುತ್ತದಲ್ಲ, ಅದೇ ಸಾಕ್ಷಿ. ಖಾಲಿ ಜಾಗಕ್ಕೆ ದುಂಡಗೆ ಕತ್ತರಿಸಿದ ಸ್ಪಾಂಜ್ ತುಂಬಿ ಮುಚ್ಚಳ ಹಾಕಿ, ಬೆನ್ನ ಚೀಲದಲ್ಲಿ ಜಾಕೆಟ್‌ನ ಮಡಿಕೆಯೊಳಗೆ ಇಡಿ. ಮಳೆಗಾಲದಲ್ಲಿ ತೇವ ತಾಗಿ ಬೆಳ್ಳಗೆ ಬೂಸಲಿನಂತೆ ಕಟ್ಟಿದರೆ ಅದು ಸೀಸದ ಕಿಲುಬು. ಆ ಡಬ್ಬಿ ಮ್ಯಾಚ್‌ಗಲ್ಲ, ಆ ಪುಡಿ ಮೈಗೂ ಒಳ್ಳೆಯದಲ್ಲ. ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಮಕ್ಕಳಿಗಿದ್ದರೆ ಮೊದಲ ದಿನವೇ ಬಿಡಿಸಿ, ಹೊಡೆಯುವ ಮೇಜಿನ ಮೇಲೆ ತಿಂಡಿ ಇಡಬೇಡಿ. ಚಿತ್ರಾನ್ನದ ಡಬ್ಬಿ ತೆರೆಯುವ ಮುಂಚೆ ತಣ್ಣೀರು, ಸೋಪು ಹಾಕಿ ಉಗುರಿನ ಸಂದಿಯವರೆಗೆ ಕೈ ತೊಳೆದುಕೊಳ್ಳಿ.